ಹೆಸರು ಅವರದ್ದು, ಬಾಗಿಲು ನಮ್ಮದು

1/9

ಬಾಡಿಗೆ ಮನೆಯಲ್ಲಿ ಇರೋರಿಗೆ ಒಂದು ಪ್ರಶ್ನೆ. ನಿಮ್ಮ ಮನೆಗೆ ಬರೋ ಪೋಸ್ಟ್‌ನಲ್ಲಿ ನಿಮ್ಮ ಹೆಸರಿಗೆ ಬರೋದು ಎಷ್ಟು, ನೀವು ಮುಖಾನೇ ನೋಡಿರದ ಯಾರದೋ ಹೆಸರಿಗೆ ಬರೋದು ಎಷ್ಟು? ಕ್ರೆಡಿಟ್ ಕಾರ್ಡ್ ಬಿಲ್, ಪೋಸ್ಟ್‌ಪೇಯ್ಡ್ ಬಿಲ್, ಬೈಕ್ ಲೋನಿನ ನೋಟಿಸ್, ಕೊನೆಗೆ ವಕೀಲರ ಕವರ್. ಹಿಂದೆ ಇದ್ದವರು ಮನೆ ಖಾಲಿ ಮಾಡಿ ವರ್ಷ ಆಗಿರುತ್ತೆ. ಅವರ ಬಿಲ್ ಮಾತ್ರ ಇನ್ನೂ ಖಾಲಿ ಮಾಡಿರಲ್ಲ.

ನಮ್ಮ ಮನೆಯಲ್ಲೂ ಇದೇ ಕಥೆ. ದಾವಣಗೆರೆಯ ಈ ಬಾಡಿಗೆ ಮನೆಗೆ ನಾವು ಬಂದು ಒಂದೂವರೆ ವರ್ಷ. ಬಂದ ಮೊದಲನೇ ತಿಂಗಳಿಂದ ಒಬ್ಬರ ಹೆಸರಿಗೆ ಕವರ್ ಬರ್ತಾನೇ ಇದೆ. ಅವರು ಯಾರು, ಈಗ ಎಲ್ಲಿದ್ದಾರೆ, ನಮಗೆ ಗೊತ್ತಿಲ್ಲ. ಕೇಳಿದವರೆಲ್ಲ ಒಂದೊಂದು ಸಲಹೆ ಕೊಟ್ರು. ಪಕ್ಕದ್ಮನೆ ಆಂಟಿ "ಹರಿದು ಬಿಸಾಕಿ, ನಿಮಗ್ಯಾಕೆ ಊರ ಉಸಾಬರಿ" ಅಂದ್ರು. ನನ್ನ ಫ್ರೆಂಡ್ "ಒಡೆದು ನೋಡೇ, ಎಷ್ಟು ಸಾಲ ಇದೆ ಅಂತ" ಅಂದ್ಲು. ಒಬ್ಬ ಸಂಬಂಧಿಕರು "ಸಣ್ಣ ಅಮೌಂಟ್ ಆದ್ರೆ ಕಟ್ಟಿ ಕೈ ತೊಳ್ಕೊಳ್ಳಿ, ನೆಮ್ಮದಿ" ಅಂದ್ರು.

ನನ್ನ ಪ್ರಕಾರ ಮೂರೂ ಸಲಹೆ ತಪ್ಪು. ಬಿಸಾಕಬೇಡಿ, ಒಡೆಯಬೇಡಿ, ಕಟ್ಟಬೇಡಿ. ಬರವಣಿಗೆಯಲ್ಲಿ ವಾಪಸ್ ಕಳಿಸಿ. "ಈ ವ್ಯಕ್ತಿ ಇಲ್ಲಿ ಇಲ್ಲ" ಅನ್ನೋ ನಾಲ್ಕು ಪದ ಕಾಗದದ ಮೇಲೆ ಬರೋವರೆಗೆ, ಸಾಲ ಕೊಟ್ಟವರ ಕಂಪ್ಯೂಟರ್‌ಗೆ ನಿಮ್ಮ ಮನೆ ಅಂದ್ರೆ ಅವರ ಮನೆ.

ಒಟ್ಟು ಒಂಬತ್ತು ಕ್ಯಾಪ್ಷನ್. ಬಸ್ಸಲ್ಲಿ ಕೂತು ಓದಿ. ಇವತ್ತು ಬೇಡ ಅನ್ಸಿದ್ರೆ ಸೇವ್ ಮಾಡಿಟ್ಕೊಳ್ಳಿ, ಬೇಕಾಗೋ ದಿನ ಹೇಳಿ ಬರಲ್ಲ.

2/9: ಬಿಲ್ ಮನುಷ್ಯಂದಾ, ಮನೇದಾ?

ಮೊದಲು ಈ ಒಂದು ವಿಷಯ ತಿಳ್ಕೊಳ್ಳಿ. ಬೇರೆಯವರ ಹೆಸರಿದೆ ಅಂದ ಮಾತ್ರಕ್ಕೆ ಎಲ್ಲಾ ಬಿಲ್ ಪಕ್ಕಕ್ಕೆ ಇಡೋ ಹಾಗಿಲ್ಲ. ಬಿಲ್‌ನಲ್ಲಿ ಎರಡು ಜಾತಿ.

ಒಂದು, ಮನೆಗೆ ಅಂಟಿಕೊಂಡಿರೋದು. ಕರೆಂಟ್, ನೀರು, ಆಸ್ತಿ ತೆರಿಗೆ. ನಮ್ಮ ಊರುಗಳಲ್ಲಿ ಕರೆಂಟ್ ಬಿಲ್ ಎಷ್ಟೋ ಮನೆಗಳಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೋ, ಸೈಟ್ ಮಾರಿ ಹೋದ ಹಳೇ ಓನರ್ ಹೆಸರಲ್ಲೋ ಬರುತ್ತೆ. ಅಲ್ಲಿ ಹೆಸರು ನೋಡಬೇಡಿ, ಆರ್‌ಆರ್ ನಂಬರ್ ನೋಡಿ. ಆ ನಂಬರ್ ನಿಮ್ಮ ಮೀಟರ್‌ದಾದ್ರೆ ಉರಿಸಿದ ಕರೆಂಟ್ ನಿಮ್ಮದೇ. "ಹೆಸರು ನಮ್ದಲ್ಲ" ಅಂತ ಬಿಟ್ರೆ ಲೈನ್‌ಮ್ಯಾನ್ ಬಂದು ಫ್ಯೂಸ್ ತೆಗೀತಾರೆ.

ಮನೆ ಕೊಳ್ಳೋರು ಇನ್ನೂ ಹುಷಾರಾಗಿರಬೇಕು. ಕೆ.ಸಿ. ನಿನಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮೇ 19ರಂದು ಕೊಟ್ಟ ತೀರ್ಪಿನ ಪ್ರಕಾರ, ನಿಯಮದಲ್ಲಿ ಅವಕಾಶ ಇದ್ರೆ ಹಳೇ ಮಾಲೀಕ ಉಳಿಸಿ ಹೋದ ಕರೆಂಟ್ ಬಾಕಿ ಕಟ್ಟಿದ ಮೇಲೇ ಹೊಸ ಮಾಲೀಕನಿಗೆ ಸಂಪರ್ಕ ಕೊಡ್ತೀವಿ ಅಂತ ವಿದ್ಯುತ್ ಕಂಪನಿ ಹೇಳಬಹುದು. ಅದಕ್ಕೇ ಅಡ್ವಾನ್ಸ್ ಕೊಡೋ ಮೊದಲು ಕೊನೇ ಬಿಲ್, ಅದರ ರಸೀದಿ ಎರಡನ್ನೂ ಕೇಳಿ ತಗೊಳ್ಳಿ.

ಬಾಡಿಗೆಗೆ ಬರೋರು ಗೃಹಜ್ಯೋತಿ ಕೂಡ ನೋಡ್ಕೊಳ್ಳಿ. 2023ರ ಜುಲೈನಿಂದ ಶುರುವಾದ ಆ ಯೋಜನೆಯಲ್ಲಿ ಮೀಟರ್‌ಗೆ ಆಧಾರ್ ಜೋಡಿಸಿರ್ತಾರೆ. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಅಲ್ಲೇ ಇದ್ರೆ ಡಿ-ಲಿಂಕ್ ಮಾಡಿಸಿ ನಿಮ್ಮದು ಜೋಡಿಸಿ.

ಎರಡನೇ ಜಾತಿ, ಮನುಷ್ಯನಿಗೆ ಅಂಟಿಕೊಂಡಿರೋದು. ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್, ಮೊಬೈಲ್ ಬಿಲ್, ಚೀಟಿ, ಇನ್ಶೂರೆನ್ಸ್ ಕಂತು. ಇದು ಅವರು ಎಲ್ಲಿ ಹೋದರೂ ಅವರ ಹಿಂದೆ ಹೋಗಬೇಕು. ಇಲ್ಲಿಂದ ಮುಂದೆ ನಾನು ಮಾತಾಡೋದು ಬರೀ ಇದರ ಬಗ್ಗೆ.

3/9: ನಿಮಗ್ಯಾಕೆ ಬಾಧ್ಯತೆ ಇಲ್ಲ

ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಅನ್ನೋ ಪೇಪರ್ ಇರುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯೋ ಪೇಪರ್ ಅಂತ ಎಲ್ಲರೂ ಅಂತಾರೆ. ಈ ಕವರ್‌ಗಳು ಬರೋಕೆ ಶುರುವಾದ ಮೇಲೆ ಆ ಪುಸ್ತಕವನ್ನ ನಾನು ಬೇರೆ ಕಣ್ಣಲ್ಲಿ ಓದ್ದೆ.

ಸಾಲ ಅನ್ನೋದು ಒಂದು ಕರಾರು. ಕೊಟ್ಟವರು ಒಬ್ಬರು, ತಗೊಂಡವರು ಒಬ್ಬರು. ಮೂರನೆಯವರು ಅದರೊಳಗೆ ಬರಬೇಕಾದರೆ ಜಾಮೀನು ನಿಂತಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 126ನೇ ಸೆಕ್ಷನ್ ಹೇಳೋದು ಇದನ್ನೇ: ಸಾಲಗಾರ ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಅಂತ ಮಾತು ಕೊಡೋದು ಜಾಮೀನು. ನೀವು ಹಾಗೆ ಮಾತು ಕೊಟ್ಟಿಲ್ಲ. ಒಂದೇ ಬಚ್ಚಲುಮನೆ ಬಳಸಿದ್ದೀರಿ, ಒಂದೇ ಗೇಟ್ ತೆಗೆದಿದ್ದೀರಿ, ಅಷ್ಟೆ. ವಿಳಾಸ ಯಾರಿಗೂ ಜಾಮೀನು ನಿಲ್ಲಲ್ಲ.

ಅದೇ ಸೆಕ್ಷನ್ನಿನ ಕೊನೇ ಸಾಲು ಬಹಳ ಜನ ಗಮನಿಸಲ್ಲ. ಜಾಮೀನು ಬರವಣಿಗೆಯಲ್ಲೂ ಇರಬಹುದು, ಬಾಯಿಮಾತಲ್ಲೂ ಇರಬಹುದು. ಹಾಗಾಗಿ ಫೋನ್‌ನಲ್ಲಿ ಯಾರಾದ್ರೂ ಜೋರು ಮಾಡಿದಾಗ, ಕಾಟ ತಪ್ಪಲಿ ಅಂತ "ಆಯ್ತು, ನಾವು ನೋಡ್ಕೋತೀವಿ", "ಕಟ್ಟಿಸ್ತೀವಿ ಬಿಡಿ" ಅನ್ನಬೇಡಿ. ಆ ಕಡೆ ಕರೆ ರೆಕಾರ್ಡ್ ಆಗ್ತಿರುತ್ತೆ. ನಿಮ್ಮ ಬಾಯಲ್ಲಿ ಬರಬೇಕಾದ್ದು ಒಂದೇ ಮಾತು: "ಅವರು ಇಲ್ಲಿ ಇಲ್ಲ, ನಮಗೂ ಅವರಿಗೂ ಸಂಬಂಧ ಇಲ್ಲ, ವಿಳಾಸ ತೆಗೆದುಹಾಕಿ."

ಸಣ್ಣ ಅಮೌಂಟ್ ಅಂತ ಕಟ್ಟೋದು ಯಾಕೆ ಬೇಡ ಅಂದ್ರೆ, ಒಂದು ಸಲ ಕಟ್ಟಿದ ಮನೆಗೆ ಇನ್ನೊಂದು ಸಲ ಬರ್ತಾರೆ. "ಸಂಬಂಧ ಇಲ್ಲದೆ ಹೋದ ತಿಂಗಳು ₹500 ಯಾಕೆ ಕಟ್ಟಿದ್ರಿ?" ಅಂತ ಕೇಳಿದ್ರೆ ಏನು ಉತ್ತರ ಕೊಡ್ತೀರಾ? ನಿಮ್ಮ ದುಡ್ಡು ಹೋಗೋದಲ್ಲದೆ ನಿಮ್ಮ ಮಾತೂ ಸಡಿಲ ಆಗುತ್ತೆ.

4/9: ಹಾಗಾದ್ರೆ ಬಿಸಾಕಿದ್ರೆ ಏನು ತಪ್ಪು?

ಎರಡು ಕಾರಣ. ಒಂದು ನಿಮಗೋಸ್ಕರ, ಒಂದು ಅವರಿಗೋಸ್ಕರ.

ನಿಮಗೋಸ್ಕರ ಅಂದ್ರೆ, ಸಾದಾ ಪೋಸ್ಟ್‌ನಲ್ಲಿ ಹಾಕಿದ ಕವರ್ ವಾಪಸ್ ಹೋಗಲಿಲ್ಲ ಅಂದ್ರೆ ಕಳಿಸಿದವರು "ತಲುಪಿದೆ" ಅಂದ್ಕೋತಾರೆ. ಮುಂದಿನ ತಿಂಗಳು ಇನ್ನೊಂದು ಕಳಿಸ್ತಾರೆ. ಆಮೇಲೆ ಫೋನ್, ಆಮೇಲೆ ಮನುಷ್ಯರು. ನೀವು ಕಸದ ಬುಟ್ಟಿಗೆ ಹಾಕಿದ ಪ್ರತಿ ಕವರ್ ಅವರ ಲೆಕ್ಕದಲ್ಲಿ "ಈ ವಿಳಾಸ ಸರಿ ಇದೆ" ಅನ್ನೋದಕ್ಕೆ ಒಂದೊಂದು ಟಿಕ್ ಮಾರ್ಕ್.

ಅವರಿಗೋಸ್ಕರ ಅನ್ನೋದನ್ನ ಸ್ವಲ್ಪ ಸಮಾಧಾನದಿಂದ ಓದಿ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಸರಿಯಾದ ವಿಳಾಸ ಬರೆದು, ಅಂಚೆ ಚೀಟಿ ಹಚ್ಚಿ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹಾಕಿದ ಪತ್ರ ತಲುಪಿದೆ ಅಂತಲೇ ಕಾನೂನು ಭಾವಿಸುತ್ತೆ. ಇಲ್ಲ ಅಂತ ಸಾಬೀತು ಮಾಡೋ ಹೊರೆ ಆ ಕಡೆಯವರ ಮೇಲೆ. ಚೆಕ್ ಬೌನ್ಸ್ ಕೇಸನ್ನೇ ತಗೊಳ್ಳಿ. ನೋಟಿಸ್ ತಲುಪಿದ 15 ದಿನದೊಳಗೆ ದುಡ್ಡು ಕಟ್ಟಿದ್ರೆ ಕೇಸ್ ಇಲ್ಲ. ಕಟ್ಟದಿದ್ರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು ಆಗಬಹುದು.

ಈಗ ಯೋಚಿಸಿ. ನಮ್ಮ ಮನೆಯಲ್ಲಿದ್ದವರು ಓಡಿಹೋದ ಮೋಸಗಾರರು ಅಂತ ಯಾರು ಹೇಳಿದ್ರು? ಕೆಲಸ ಹೋಗಿ ಊರಿಗೆ ವಾಪಸ್ ಹೋಗಿರಬಹುದು, ಬಾಣಂತನಕ್ಕೋ ಆಸ್ಪತ್ರೆಗೋ ಸಾಲ ಮಾಡಿ ಸಿಕ್ಕಿಬಿದ್ದಿರಬಹುದು. ವಿಳಾಸ ಬದಲಾಯಿಸೋದು ಮರೆತಿರಬಹುದು. ಅವರ 15 ದಿನ ನಮ್ಮ ಕಸದ ಬುಟ್ಟಿಯಲ್ಲಿ ಕಳೆದುಹೋಗಬಾರದು. "ವಾಪಸ್" ಅಂತ ಹೋದ ಕವರ್, ಪತ್ರ ಅವರ ಕೈ ಸೇರಿಲ್ಲ ಅನ್ನೋದಕ್ಕೆ ಮುಂದೆ ಅವರಿಗೆ ಆಧಾರ ಆಗಬಹುದು. ಮುಖ ನೋಡದವರಿಗೆ ನಾವು ಮಾಡಬಹುದಾದ ಇಷ್ಟೇ ಇಷ್ಟು ಉಪಕಾರ ಇದು, ಖರ್ಚೂ ಇಲ್ಲ.

5/9: ವಾಪಸ್ ಕಳಿಸೋದು ಹೇಗೆ

ಕವರ್ ಒಡೆಯಬೇಡಿ. ಯಾರು ಕಳಿಸಿದ್ದು ಅಂತ ಗೊತ್ತಾಗೋಕೆ ಒಡೆಯೋ ಅಗತ್ಯ ಇಲ್ಲ, ಹಿಂಭಾಗದಲ್ಲೋ ಕೆಳಗೋ ವಾಪಸ್ ವಿಳಾಸ ಇರುತ್ತೆ. ಒಳಗಿರೋದು ಇನ್ನೊಬ್ಬರ ಸಾಲ, ಇನ್ನೊಬ್ಬರ ಲೆಕ್ಕ. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕನ್ನ ಮುಂದಿನ ಬಾಡಿಗೆದಾರರು ಸೋಫಾ ಮೇಲೆ ಕೂತು ಓದೋದನ್ನ ನೆನೆಸಿಕೊಳ್ಳಿ, ಸಾಕು.

ಕವರಿನ ಹೊರಭಾಗದ ಫೋಟೋ ತೆಗೀರಿ. ಒಂದು ನೋಟ್‌ಬುಕ್‌ನಲ್ಲಿ ತಾರೀಕು, ಕಳಿಸಿದವರು, ಯಾವ ರೀತಿ ಬಂತು (ಸಾದಾ ಪೋಸ್ಟ್, ಸ್ಪೀಡ್ ಪೋಸ್ಟ್, ಕೊರಿಯರ್) ಅಂತ ಒಂದು ಸಾಲು ಬರೀರಿ. ನಮ್ಮಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲೇ ಬರೀತಾರೆ.

ಕವರ್ ಮೇಲೆ ದಪ್ಪಕ್ಷರದಲ್ಲಿ "ಈ ವ್ಯಕ್ತಿ ಈ ವಿಳಾಸದಲ್ಲಿ ಇಲ್ಲ, ಕಳಿಸಿದವರಿಗೆ ವಾಪಸ್" ಅಂತ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದು, ತಾರೀಕು ಹಾಕಿ, ಪೋಸ್ಟ್‌ಮ್ಯಾನ್ ಕೈಗೆ ಕೊಡಿ. ಇಲ್ಲಾಂದ್ರೆ ಪೋಸ್ಟ್ ಆಫೀಸಿಗೆ ಹೋಗಿ ಕೊಡಿ.

ಸಹಿ ಕೇಳೋ ಕವರ್ ಬಂದ್ರೆ ಸಹಿ ಹಾಕಬೇಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಆದ್ರೆ ಸಹಿಯ ಬೆಲೆ ಕಡಿಮೆ ಆಗಿಲ್ಲ. "ಮನೇಲಿ ಯಾರೋ ಒಬ್ರು ತಗೊಳ್ಳಿ ಮೇಡಂ" ಅಂತ ಕೊರಿಯರ್ ಹುಡುಗರು ಅವಸರ ಮಾಡ್ತಾರೆ. ಪಾಪ, ಅವರಿಗೂ ಟಾರ್ಗೆಟ್ ಇರುತ್ತೆ. ಆದ್ರೂ ಬೇಡ.

ಇನ್ನೊಂದು ಸೂಕ್ಷ್ಮ. ಪೋಸ್ಟ್‌ಮ್ಯಾನ್ ಅಣ್ಣನಿಗೆ ಬರೀ "ಬೇಡ" ಅಂದ್ರೆ ಅವರು "ರೆಫ್ಯೂಸ್ಡ್", ಅಂದ್ರೆ ನಿರಾಕರಿಸಿದ್ದಾರೆ ಅಂತ ಬರೆದುಬಿಡಬಹುದು. ಪತ್ರ ನಿರಾಕರಿಸಿದ್ರೆ ತಲುಪಿದಂತೆಯೇ ಅಂತ ಕೋರ್ಟ್‌ಗಳು ಪರಿಗಣಿಸುತ್ತವೆ. ಅವರಿಲ್ಲದ ಮನೆಯಲ್ಲಿ ಅವರ ಪರವಾಗಿ ನಿರಾಕರಿಸೋಕೆ ನಾವ್ಯಾರು? "ಅಣ್ಣ, ಅವರು ಮನೆ ಬಿಟ್ಟು ಹೋಗಿದ್ದಾರೆ, ಹಾಗಂತಲೇ ಬರೀರಿ" ಅಂತ ಬಿಡಿಸಿ ಹೇಳಿ. ನಮ್ಮ ಬೀದಿಯ ಪೋಸ್ಟ್‌ಮ್ಯಾನ್‌ಗೆ ಎರಡು ಸಲ ಹೇಳಿದ್ದಕ್ಕೆ ಮೂರನೇ ಸಲ ಅವರೇ ನೋಡಿ ವಾಪಸ್ ಹಾಕಿದ್ರು.

6/9: ಒಂದು ಪತ್ರ

ಒಂದೇ ಕಡೆಯಿಂದ ಮೂರನೇ ಕವರ್ ಬಂದ್ರೆ ವಾಪಸ್ ಹಾಕೋದು ಸಾಲಲ್ಲ, ನೀವೇ ಬರೀಬೇಕು. ಪ್ರತಿ ಬ್ಯಾಂಕ್, ಫೈನಾನ್ಸ್ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರ್ತಾರೆ, ಅವರ ಇಮೇಲ್ ಕಂಪನಿಯ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ನಂಬರನ್ನ ಕವರ್ ಒಳಗಿನ ಕಾಗದದಿಂದಾಗಲಿ, ಗೂಗಲ್‌ನಲ್ಲಿ ಮೊದಲು ಕಂಡದ್ದರಿಂದಾಗಲಿ ತಗೋಬೇಡಿ, ನಕಲಿ ಕಸ್ಟಮರ್ ಕೇರ್ ನಂಬರ್‌ಗಳು ಬಹಳ ಇವೆ. ಈ ಒಕ್ಕಣೆ ಕಾಪಿ ಮಾಡ್ಕೊಳ್ಳಿ:

"ಮಾನ್ಯರೇ, ನಿಮ್ಮ ಸಂಸ್ಥೆಯಿಂದ ಇಂಥವರ ಹೆಸರಿಗೆ ನಮ್ಮ ವಿಳಾಸಕ್ಕೆ ಇಂಥ ಇಂಥ ದಿನಾಂಕಗಳಂದು ಪತ್ರಗಳು ಬಂದಿವೆ. ನಾವು ಈ ಮನೆಯಲ್ಲಿ ಇಂಥ ತಿಂಗಳಿನಿಂದ ವಾಸವಾಗಿದ್ದೇವೆ. ಆ ವ್ಯಕ್ತಿ ಇಲ್ಲಿ ವಾಸವಾಗಿಲ್ಲ. ಅವರೊಂದಿಗೆ ನಮಗೆ ಯಾವುದೇ ಸಂಬಂಧವಾಗಲಿ, ಅವರ ಸಾಲಕ್ಕೆ ನಮ್ಮ ಜಾಮೀನಾಗಲಿ ಇಲ್ಲ. ಪತ್ರಗಳನ್ನು ತೆರೆಯದೆ ಹಿಂತಿರುಗಿಸಿದ್ದೇವೆ. ದಯವಿಟ್ಟು ನಿಮ್ಮ ದಾಖಲೆಯಿಂದ ಈ ವಿಳಾಸವನ್ನು ತೆಗೆದು, ತೆಗೆದಿರುವುದಾಗಿ ಲಿಖಿತವಾಗಿ ತಿಳಿಸಿ. ಈ ವಿಳಾಸಕ್ಕೆ ವಸೂಲಿ ಪ್ರತಿನಿಧಿಗಳನ್ನು ಕಳುಹಿಸಬೇಡಿ."

ಇಷ್ಟೇ. ಬೈಗುಳ ಬೇಡ, ಕಥೆ ಬೇಡ. ಜೊತೆಗೆ ಆಧಾರ್, ಪ್ಯಾನ್, ಬ್ಯಾಂಕ್ ವಿವರ ಯಾವುದನ್ನೂ ಕಳಿಸಬೇಡಿ. "ನಿಮ್ಮ ಆಧಾರ್ ಕಳಿಸಿದ್ರೆ ತಕ್ಷಣ ತೆಗೀತೀವಿ" ಅಂತ ಫೋನ್ ಬಂದ್ರೆ ಅಲ್ಲೇ ನಿಲ್ಲಿಸಿ. ಅವರ ದಾಖಲೆಯಲ್ಲಿ ಇಲ್ಲದ ನಿಮ್ಮನ್ನ ನೀವೇ ಕೈ ಹಿಡಿದು ಒಳಗೆ ಕರ್ಕೊಂಡು ಹೋದಂಗಾಗುತ್ತೆ. ಪುರಾವೆ ಬೇಕೇ ಬೇಕು ಅಂದ್ರೆ ಹತ್ತಿರದ ಶಾಖೆಗೆ ಹೋಗಿ ಬಾಡಿಗೆ ಕರಾರಿನ ಮೊದಲ ಪುಟ ತೋರಿಸಿ, ಕಾಪಿ ಕೊಡಬೇಡಿ.

ಹಿಂದಿನವರ ಹೊಸ ನಂಬರ್ ನಿಮಗೆ ಗೊತ್ತಿದ್ರೂ ಕಂಪನಿಗೆ ಕೊಡೋಕೆ ಹೋಗಬೇಡಿ. ಅವರಿಗೇ ಒಂದು ಮೆಸೇಜ್ ಹಾಕಿ: "ನಿಮ್ಮ ಹೆಸರಿಗೆ ಪೋಸ್ಟ್ ಬರ್ತಿದೆ, ವಿಳಾಸ ಬದಲಾಯಿಸಿಕೊಳ್ಳಿ." ಮುಂದಿನದು ಅವರಿಗೆ ಬಿಟ್ಟದ್ದು.

7/9: ಬಾಗಿಲಿಗೇ ಬಂದಾಗ

ಇದು ಅಮ್ಮಂದಿರಿಗೆ ಓದಿ ಹೇಳಬೇಕಾದ ಕ್ಯಾಪ್ಷನ್. ಹಗಲು ಹೊತ್ತಲ್ಲಿ ಮನೇಲಿ ಒಬ್ರೇ ಇರೋರು ಅವರೇ.

ನಮ್ಮ ಮನೆಗೆ ಇಬ್ಬರು ಬಂದಿದ್ರು. ಗೇಟ್ ಹತ್ರ ನಿಂತು ಬೀದಿಗೆಲ್ಲ ಕೇಳೋ ಹಾಗೆ ಹೆಸರು, ಬಾಕಿ ಎಷ್ಟು ಅಂತೆಲ್ಲ ಕೂಗಿದ್ರು. ಅಮ್ಮ "ನೋಡಪ್ಪಾ, ಅವರು ಇಲ್ಲಿ ಇಲ್ಲ, ನಾವು ಬೇರೆಯವರು" ಅಂದ್ರೆ, "ಎಲ್ರೂ ಹಿಂಗೇ ಅಂತಾರಮ್ಮ, ಯಜಮಾನ್ರ ಆಧಾರ್ ತೋರಿಸ್ರಿ" ಅಂದ್ರು. ಅಮ್ಮ ತೋರಿಸಲಿಲ್ಲ. ಆದ್ರೆ ಅವತ್ತು ಸಂಜೆ ಅಂಗಡಿಗೆ ಹೋದಾಗ ಇಬ್ಬರು "ಏನು, ಬ್ಯಾಂಕಿನವರು ಬಂದಿದ್ರಂತೆ?" ಅಂತ ಕೇಳಿದ್ರು. ಒಂದು ರೂಪಾಯಿ ಸಾಲ ಇಲ್ಲದ ಮನೆ ಬೀದಿಯ ಲೆಕ್ಕದಲ್ಲಿ ಸಾಲಗಾರರ ಮನೆ ಆಯ್ತು. ಅಮ್ಮ ಎರಡು ವಾರ ಆ ಅಂಗಡಿ ಬಿಟ್ಟು ದೂರದ ಅಂಗಡಿಗೆ ಹೋದ್ರು. ಕವರ್ ವಿಷಯ ಸಣ್ಣದು ಅನ್ನೋರಿಗೆ ನಾನು ಹೇಳೋದು ಈ ಎರಡು ವಾರದ ಬಗ್ಗೆ.

ಈಗ ನಿಯಮ ಕೇಳಿ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ, ವಸೂಲಿ ಹೆಸರಲ್ಲಿ ಯಾವುದೇ ವ್ಯಕ್ತಿಯನ್ನ ಮಾತಿನಿಂದಾಗಲಿ ಮೈಮೇಲೆ ಬಿದ್ದಾಗಲಿ ಬೆದರಿಸೋ ಹಾಗಿಲ್ಲ, ಸಾರ್ವಜನಿಕವಾಗಿ ಅವಮಾನ ಮಾಡೋ ಹಾಗಿಲ್ಲ ಅಂತ ಹೇಳಿದೆ. ಗಮನಿಸಿ, "ಯಾವುದೇ ವ್ಯಕ್ತಿ" ಅಂತಿದೆ, ಸಾಲಗಾರರು ಅಂತ ಮಾತ್ರ ಇಲ್ಲ. ವಸೂಲಿಗಾಗಿ ಸಾಲಗಾರರಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ ಅಂತಲೂ ಅದರಲ್ಲೇ ಇದೆ. ಕಿರುಸಾಲದವರ ಕಾಟ ಮಿತಿಮೀರಿದಾಗ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು.

ಮಾಡಬೇಕಾದ್ದು: ಗೇಟ್ ತೆಗೀಬೇಡಿ. ಗುರುತಿನ ಚೀಟಿ, ಕಂಪನಿಯ ಅಧಿಕಾರ ಪತ್ರ ಕೇಳಿ, ಫೋಟೋ ತಗೊಳ್ಳಿ. ನಿಮ್ಮ ಯಾವ ದಾಖಲೆಯನ್ನೂ ತೋರಿಸಬೇಡಿ. "ಬರೆದು ಕೊಟ್ಟಿದ್ದೀವಿ, ಇಮೇಲ್ ನೋಡ್ಕೊಳ್ಳಿ" ಅನ್ನಿ. ಕೂಗಾಡಿದ್ರೆ, ಹೋಗದಿದ್ರೆ 112ಕ್ಕೆ ಫೋನ್ ಮಾಡಿ. ಪಕ್ಕದ ಮನೆಯವರು ಏನಂದ್ಕೋತಾರೋ ಅಂತ ಬಾಗಿಲು ತೆಗೆದು ಒಳಗೆ ಕರೀಬೇಡಿ.

8/9: ಹಿಂದಿನ ಬಾಡಿಗೆದಾರರೇ ಅಲ್ಲದಿದ್ರೆ?

ಇಲ್ಲೀವರೆಗೆ ಹೇಳಿದ್ದು ಮನೆ ಬಿಟ್ಟು ಹೋದವರ ಬಿಲ್. ಆದ್ರೆ ಓನರ್‌ಗೂ ಗೊತ್ತಿಲ್ಲದ, ಆ ಮನೆಯಲ್ಲಿ ಯಾವತ್ತೂ ಇರದ ಹೆಸರಿಗೆ ಬರೋಕೆ ಶುರುವಾದ್ರೆ ಅದು ಬೇರೆ ಕೇಸ್. ಯಾರೋ ನಿಮ್ಮ ವಿಳಾಸವನ್ನ ಬೇಕಂತಲೇ ಬಳಸ್ತಿರಬಹುದು.

ಕಾಮರ್ಸ್ ಓದೋರಿಗೆ ಗೊತ್ತಿರೋ ಉದಾಹರಣೆ ಜಿಎಸ್‌ಟಿ. ನೋಂದಣಿಗೆ ವ್ಯಾಪಾರದ ಸ್ಥಳದ ಪುರಾವೆ ಬೇಕು, ಅದಕ್ಕೆ ಕರೆಂಟ್ ಬಿಲ್, ಬಾಡಿಗೆ ಕರಾರು, ಒಪ್ಪಿಗೆ ಪತ್ರ ಕೊಡ್ತಾರೆ. ಕಾಗದದಲ್ಲಿ ಮಾತ್ರ ಇರೋ ನಕಲಿ ಸಂಸ್ಥೆಗಳನ್ನ ಹಿಡಿಯೋಕೆ ದೇಶದಾದ್ಯಂತ 2023ರ ಮೇ 16ರಿಂದ ಜುಲೈ 15ರವರೆಗೆ ವಿಶೇಷ ಕಾರ್ಯಾಚರಣೆಯನ್ನೇ ಮಾಡಿದ್ರು. ಹಾಗಾಗಿ ನಿಮ್ಮ ಮನೆಗೆ ಯಾವುದೋ "ಟ್ರೇಡರ್ಸ್", "ಎಂಟರ್‌ಪ್ರೈಸಸ್" ಹೆಸರಿಗೆ ತೆರಿಗೆ ನೋಟಿಸ್ ಬಂದ್ರೆ ವಾಪಸ್ ಹಾಕಿ ಸುಮ್ಮನಾಗಬೇಡಿ. ಓನರ್‌ನ ಕರ್ಕೊಂಡು ತೆರಿಗೆ ಕಚೇರಿಗೆ ಹೋಗಿ, ಇಲ್ಲಿ ಅಂಥ ಸಂಸ್ಥೆ ಇಲ್ಲ ಅಂತ ಬರೆದು ಕೊಟ್ಟು ಸೀಲ್ ಹಾಕಿಸಿದ ಪ್ರತಿ ತಗೊಳ್ಳಿ. ಕರೆಂಟ್ ಬಿಲ್ ಫೋಟೋನ ಕೇಳಿದವರಿಗೆಲ್ಲ ವಾಟ್ಸಾಪ್ ಮಾಡೋ ಅಭ್ಯಾಸ ಬಿಡಿ.

ಇನ್ನೂ ಕೆಟ್ಟದ್ದು ಅಂದ್ರೆ ಬಿಲ್ ನಿಮ್ಮ ಹೆಸರಿಗೇ ಬಂದು, ಸಾಲ ಮಾತ್ರ ನೀವು ತಗೊಂಡಿರೋದೇ ಇಲ್ಲ. ಆಗ ಮೊದಲು ಕ್ರೆಡಿಟ್ ರಿಪೋರ್ಟ್ ನೋಡಿ. ನಮ್ಮ ದೇಶದಲ್ಲಿ ನಾಲ್ಕು ಕಂಪನಿ ಇದನ್ನ ಇಡ್ತವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ತಪ್ಪು ಕಂಡ್ರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ರೆ ಆಮೇಲೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು ಅನ್ನೋ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸಂಚಾರ್ ಸಾಥಿಯಲ್ಲಿ ನೋಡಬಹುದು. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋಗಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

9/9: ಕೆಲಸ ಯಾರದ್ದು?

ಇದನ್ನ ಹೇಳೋಕೇ ಇಷ್ಟು ಬರೆದಿದ್ದು. ಮೇಲಿನ ಎಂಟು ಕ್ಯಾಪ್ಷನ್‌ನಲ್ಲಿ ಕೆಲಸ ಮಾಡ್ತಿರೋದು ಯಾರು ನೋಡಿ. ಸಾಲ ಕೊಟ್ಟವರಲ್ಲ, ತಗೊಂಡವರಲ್ಲ. ಮಧ್ಯದಲ್ಲಿ ಬಾಡಿಗೆ ಕಟ್ಟಿಕೊಂಡು ಬದುಕ್ತಿರೋ ನಾವು. ಫೋಟೋ, ನೋಟ್‌ಬುಕ್, ಇಮೇಲ್, ಗೇಟ್ ಹತ್ರ ವಾದ, ಎಲ್ಲಾ ನಮ್ಮ ಸಮಯ.

ಸಾಲ ಕೊಟ್ಟವರ ಮಾತಲ್ಲೂ ನ್ಯಾಯ ಇದೆ, ಅದನ್ನ ಮುಚ್ಚಿಡಲ್ಲ. "ಅವರು ಇಲ್ಲಿಲ್ಲ" ಅಂತ ಸುಳ್ಳು ಹೇಳಿ ಒಳಗೇ ಅಡಗಿ ಕೂರೋ ಸಾಲಗಾರರೂ ಇದ್ದಾರೆ. ಹೇಳಿದ್ದನ್ನೆಲ್ಲ ನಂಬಿದ್ರೆ ವಸೂಲಿ ಆಗಲ್ಲ, ವಸೂಲಿ ಆಗದ ಸಾಲದ ಭಾರ ಕೊನೆಗೆ ಸರಿಯಾಗಿ ಕಟ್ಟೋರ ಬಡ್ಡಿ ಮೇಲೇ ಬೀಳುತ್ತೆ. ಒಪ್ಪಿದೆ. ಹಾಗಾದ್ರೆ ಒಂದು ಸಲ ಬಂದು, ಗೌರವದಿಂದ ಕೇಳಿ, ಪರಿಶೀಲಿಸಿ. ಬೇಡ ಅನ್ನಲ್ಲ. ಆದ್ರೆ ಪರಿಶೀಲಿಸಿದ ಮೇಲೆ ಆ ವಿಳಾಸವನ್ನ ಅಳಿಸಿ. ಒಂದೇ ಮನೆಗೆ ಆರು ಸಲ ಆರು ಜನ ಬಂದು ಅದೇ ಪ್ರಶ್ನೆ ಕೇಳೋದು ಪರಿಶೀಲನೆ ಅಲ್ಲ, ಯಾರಾದ್ರೂ ಬೇಸತ್ತು ಕಟ್ಟಲಿ ಅನ್ನೋ ಲೆಕ್ಕಾಚಾರ.

ನಾನು ಕೇಳೋದು ಮೂರೇ. ಪ್ರತಿ ಕವರ್ ಹೊರಗೆ ಕನ್ನಡದಲ್ಲಿ ಒಂದು ಸಾಲು, ಒಂದು ಕ್ಯೂಆರ್ ಕೋಡ್ ಅಚ್ಚಾಗಲಿ: "ಈ ಹೆಸರಿನವರು ಇಲ್ಲಿ ಇಲ್ಲದಿದ್ದರೆ ಇಲ್ಲಿ ತಿಳಿಸಿ." ಎರಡನೇದು, ಗ್ರಾಹಕರಲ್ಲದ ನಮ್ಮಂಥವರ ದೂರಿಗೂ ನಂಬರ್ ಸಿಗಲಿ. "ನಿಮ್ಮ ಲೋನ್ ಅಕೌಂಟ್ ನಂಬರ್ ಹೇಳಿ" ಅಂತ ಕೇಳೋ ಕಸ್ಟಮರ್ ಕೇರ್‌ಗೆ, ಲೋನೇ ಇಲ್ಲದವರು ಏನು ಹೇಳಬೇಕು? ಮೂರನೇದು, ವಾಪಸ್ ಬಂದ ಕವರನ್ನ ಯಾರಾದ್ರೂ ನೋಡಿ ದಾಖಲೆಯಲ್ಲಿ ಬದಲಾಯಿಸಲಿ.

ನಾವೂ ಮಾಡಬೇಕಾದ್ದು ಇದೆ. ಮನೆ ಖಾಲಿ ಮಾಡುವಾಗ ಗ್ಯಾಸ್, ಫ್ರಿಡ್ಜ್, ತುಳಸಿ ಕುಂಡ ಎಲ್ಲಾ ನೆನಪಿಟ್ಟು ತಗೊಂಡು ಹೋಗ್ತೀವಿ. ಬ್ಯಾಂಕ್, ಇನ್ಶೂರೆನ್ಸ್, ಆರ್‌ಸಿ, ಆಧಾರ್‌ನಲ್ಲಿರೋ ವಿಳಾಸಾನೂ ಜೊತೆಗೆ ತಗೊಂಡು ಹೋಗಬೇಕು. ಓನರ್‌ಗಳು ಅಡ್ವಾನ್ಸ್ ವಾಪಸ್ ಕೊಡೋ ದಿನ, ಪೇಂಟಿಂಗ್ ಖರ್ಚು ಕಳೆಯೋ ಜೊತೆಗೆ "ವಿಳಾಸ ಬದಲಾಯಿಸಿದ್ರಾ?" ಅಂತಲೂ ಒಂದು ಮಾತು ಕೇಳಿ.

ಪಿಜಿಯಲ್ಲಿ, ಬಾಡಿಗೆ ಮನೆಯಲ್ಲಿ ಇರೋ ಫ್ರೆಂಡ್‌ಗೆ ಇದನ್ನ ಕಳಿಸಿ. ಆರನೇ ಕ್ಯಾಪ್ಷನ್‌ನ ಪತ್ರ ಯಾರು ಬೇಕಾದ್ರೂ ಬಳಸಬಹುದು, ನನ್ನ ಕೇಳೋದು ಬೇಡ. ನಿಮ್ಮ ಮನೆಗೆ ಯಾರ ಹೆಸರಿಗೆ ಬರುತ್ತೆ ಅನ್ನೋದನ್ನ ಮಾತ್ರ ಕಾಮೆಂಟ್‌ನಲ್ಲಿ ಬರೀಬೇಡಿ. ಎಷ್ಟು ಕವರ್, ಎಷ್ಟು ತಿಂಗಳಿಂದ ಅಂತ ಬರೀರಿ, ಸಾಕು. ಮುಂದಿನ ವಾರದ ಸರಣಿ: ಅಡ್ವಾನ್ಸ್ ವಾಪಸ್ ಕೊಡದ ಓನರ್ ಮತ್ತು ಹನ್ನೊಂದು ತಿಂಗಳ ಕರಾರು.

#ಬಾಡಿಗೆಮನೆ #ಬಿಕಾಂಲೆಕ್ಕ #ಹೆಸರುಅವರದ್ದುಬಾಗಿಲುನಮ್ಮದು